ಅರ್ಧ ಮಿಲಿಮೀಟರ್

ಜನವರಿ 9

ಅಪ್ಪ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ. ನನ್ನ ಕಾರ್ಡುಗಳಿಗೆ ಏನು ಮಾಡಿದಿರಿ?

ಫೋನು ಮಾಡಿದರೆ ‘ಹಲೋ, ಹಲೋ, ಏನೂ ಕೇಳಿಸ್ತಿಲ್ಲ’ ಅಂತ ಇಟ್ಟುಬಿಡುತ್ತೀರಿ. ನಿಮಗೆ ಬೇಡದ ಮಾತು ಬಂದಾಗ ಮಾತ್ರ ಆ ಫೋನು ಕೆಡುತ್ತದೆ ಅನ್ನುವುದು ನನಗೆ ಹೊಸದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನಾದರೆ ನೀವು ಕೆಳಗಿಡುವುದಿಲ್ಲ. ಓದದಿದ್ದರೂ ಎಷ್ಟು ದಪ್ಪ ಇದೆ ಅಂತ ಬೆರಳಲ್ಲಿ ಉಜ್ಜಿಯಾದರೂ ನೋಡುತ್ತೀರಿ.

ಹೊಸ ಅಂಗಡಿಯ ಗೋಡೆ ಒಣಗುವವರೆಗೆ ಮೂರು ತಿಂಗಳು ಇರಲಿ ಅಂತ ನಾಲ್ಕು ಪೆಟ್ಟಿಗೆ ನಿಮ್ಮ ಬೈಂಡಿಂಗ್ ಅಂಗಡಿಯಲ್ಲಿ ಇಟ್ಟಿದ್ದೆ. ನಾನೂರ ಹನ್ನೆರಡು ಫುಟ್‌ಬಾಲ್ ಆಟಗಾರರ ಕಾರ್ಡು. ಎಂಟನೇ ವಯಸ್ಸಿನಿಂದ ಚೂಯಿಂಗ್ ಗಮ್ ಪೊಟ್ಟಣ ಬಿಚ್ಚಿ ಬಿಚ್ಚಿ ಕೂಡಿಸಿದ್ದು. ಅಂಗಡಿಗೆ ಬರುವ ಮಂದಿ ಮೊದಲು ಕೇಳುವುದೇ ಅವನ್ನು. ಡಿಸೆಂಬರಿನಲ್ಲಿ ವಾಪಸ್ ತಂದು ಗಾಜಿನ ಕಪಾಟಿನಲ್ಲಿ ಜೋಡಿಸಿದೆ. ಒಂದೇ ತಿಂಗಳಲ್ಲಿ ಅರವತ್ತು ಮಾರಿದೆ. ನನ್ನ ಸ್ವಂತ ಕಾರ್ಡು, ಇಪ್ಪತ್ತೈದು ವರ್ಷ ನೋಡಿದ್ದು, ಅದನ್ನು ನಾನು ಯಾಕೆ ಅಳತೆ ಮಾಡಲಿ?

ಅಳತೆ ಮಾಡಿದವರು ಬೇರೆಯವರು. ನಮ್ಮ ಸಂಗ್ರಾಹಕರ ಸಂಘಕ್ಕೆ ಒಬ್ಬರು ಅಧ್ಯಕ್ಷರಿದ್ದಾರೆ, ನಿವೃತ್ತ ಗಣಿತದ ಮೇಷ್ಟ್ರು. ಒಬ್ಬ ಗೋಲ್‌ಕೀಪರನ ಕಾರ್ಡಿಗಾಗಿ ಹತ್ತೊಂಬತ್ತು ವರ್ಷದಿಂದ ಹುಡುಕುತ್ತಿದ್ದರು. ಅದೊಂದು ಸಿಕ್ಕಿದರೆ ಅವರ ಸೆಟ್ಟು ಪೂರ್ತಿ. ನನ್ನ ಹತ್ತಿರ ಕೊಂಡಾಗ ಮುಖ ಹೇಗೆ ಅರಳಿತ್ತು! ಭಾನುವಾರ ಸಂಘದ ಹಾಲ್‌ನಲ್ಲಿ ನಾವೆಲ್ಲ ಮೇಜು ಹಾಕಿ ಕಾರ್ಡು ಮಾರುತ್ತೇವೆ. ಈ ಭಾನುವಾರ ಅಲ್ಲಿ, ನಲವತ್ತು ಜನರ ಎದುರು, ಅದೇ ಕಾರ್ಡನ್ನು ನನ್ನ ಮೇಜಿನ ಮೇಲೆ ಇಟ್ಟರು.

“ಇದು ಅರ್ಧ ಮಿಲಿಮೀಟರ್ ಕಮ್ಮಿ ಇದೆಯಲ್ಲಮ್ಮ. ಅಂಚು ಯಾರು ಕತ್ತರಿಸಿದ್ದು?”

ನಾನು ನಕ್ಕುಬಿಟ್ಟೆ. “ನನ್ನ ಅಂಗಡೀಲಿ ಅಂಥದ್ದೆಲ್ಲ ನಡೆಯಲ್ಲ ಸರ್, ಇನ್ನೊಂದ್ಸಲ ಅಳೆದು ನೋಡಿ” ಅಂದೆ. ಅವರು ಅಳೆದರು. ಪಕ್ಕದ ಮೇಜಿನವನು ಅಳೆದ. ಆಮೇಲೆ ನಾನು ಅಳೆದೆ. ಆಗ ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅಂಗಡಿಗೆ ಬಂದು ಶಟರ್ ಎಳೆದುಕೊಂಡು ಉಳಿದ ಮುನ್ನೂರ ಐವತ್ತೆರಡನ್ನೂ ಅಳೆದೆ. ಒಂದನ್ನೂ ಬಿಟ್ಟಿಲ್ಲ. ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ಅಚ್ಚುಕಟ್ಟಾಗಿ ಹಾಳು ಮಾಡುವ ಕೈ ನನಗೆ ಗೊತ್ತಿರುವುದು ಒಂದೇ.

ಉತ್ತರಕ್ಕೆ ಕಾದಿರುವ,
ಮಗಳು


ಜನವರಿ 16

ಮಗಳಿಗೆ ಆಶೀರ್ವಾದ. ಸಿಟ್ಟು ಬೇರೆ, ಆಶೀರ್ವಾದ ಬೇರೆ, ಅದಕ್ಕೇ ಬರೆದೆ.

ಹೌದು, ನಾನೇ. ಮತ್ತೆ ಯಾರು, ಪಕ್ಕದ ಮನೆಯವರು ಬಂದು ಕತ್ತರಿಸಿ ಹೋಗುತ್ತಾರಾ? ಕಳ್ಳನನ್ನು ಹಿಡಿದ ಪೊಲೀಸರ ಹಾಗೆ ಬರೆದಿದ್ದೀಯ. ಕೇಳಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದೆ.

ಆ ಕಾರ್ಡುಗಳ ಸ್ಥಿತಿ ಏನಾಗಿತ್ತು ನೆನಪಿದೆಯಾ? ಅಂಚೆಲ್ಲ ಜೂಲು ಜೂಲು. ಮೂಲೆ ಮೆತ್ತಗಾಗಿತ್ತು. ಚಿತ್ರ ಒಂದು ಕಡೆ ವಾಲಿ, ಎಡಕ್ಕೆ ದಪ್ಪ ಬಿಳಿ ಪಟ್ಟಿ, ಬಲಕ್ಕೆ ದಾರದಷ್ಟು. ಕಾರ್ಖಾನೆಯವನು ಯಾವ ಯೋಚನೆಯಲ್ಲಿ ಕತ್ತರಿಸಿದ್ದನೋ. ನಾನು ಅದನ್ನು ಸಮ ಮಾಡಿದೆ. ಅಷ್ಟೆ.

ಕಟಿಂಗ್ ಮಷೀನಿಗೆ ಕೊಟ್ಟಿದ್ದರೆ ಒಂದು ಗಂಟೆಯ ಕೆಲಸ. ಕೊಡಲಿಲ್ಲ. ಮಷೀನು ಒತ್ತಿದರೆ ಮೇಲಿನ ಹೊಳಪು ಹೋಗುತ್ತದೆ. ಉಕ್ಕಿನ ಸ್ಕೇಲು ಇಟ್ಟು ಚಾಕುವಿನಲ್ಲಿ ಒಂದೊಂದೇ ಕತ್ತರಿಸಿದೆ. ಹತ್ತು ಕಾರ್ಡಿಗೆ ಒಂದು ಬ್ಲೇಡು. ಮಧ್ಯಾಹ್ನ ಊಟವಾದ ಮೇಲೆ ದಿನಕ್ಕೆ ಒಂದು ಗಂಟೆ, ಮೂರು ತಿಂಗಳು. ಎಡಗಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟರು ಹೇಳಿ ವರ್ಷವಾಯಿತು. ಆ ಕಣ್ಣಿನಲ್ಲಿ ಮಾಡಿದ ಕೆಲಸ ಅದು. ಸುಮ್ಮನೆ ಅಳತೆಪಟ್ಟಿ ಹಿಡಿದುಕೊಂಡು ನನ್ನ ಕೆಲಸದಲ್ಲಿ ವ್ಯತ್ಯಾಸ ಹುಡುಕಲು ಹೋದೆ, ಸಿಗಲಿಲ್ಲ ಅಂತ ನೀನೇ ಒಪ್ಪಿಕೊಂಡಿದ್ದೀಯ.

ಡಿಸೆಂಬರಿನಲ್ಲಿ ಬಂದವಳು ಪೆಟ್ಟಿಗೆ ತೆರೆದೂ ನೋಡದೆ ಗಾಡಿಗೆ ತುಂಬಿಕೊಂಡು ಹೋದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಊರಿಗೆ ಹೋಗಿ ನೋಡಿದ ಮೇಲಾದರೂ ಒಂದು ಮಾತು ಹೇಳುತ್ತೀಯ ಅಂದುಕೊಂಡೆ. ಹೇಳಿದ್ದು ಇದು.

ಅರ್ಧ ಮಿಲಿಮೀಟರಿಗೆ ಇಷ್ಟು ರಂಪ ಮಾಡುವ ಮೇಷ್ಟ್ರಿಗೆ ಮನೆಯಲ್ಲಿ ಬೇರೆ ಕೆಲಸವಿಲ್ಲವೇ ಅಂತ ಕೇಳು.

ಇಂತಿ,
ನಿನ್ನ ಅಪ್ಪ


ಜನವರಿ 20

ಅಪ್ಪ,

ನಿಮ್ಮ ಕಾಗದ ಓದಿ ನೀರು ಕುಡಿದು, ಹತ್ತು ನಿಮಿಷ ಹೊರಗೆ ಓಡಾಡಿ ಬಂದು ಬರೆಯುತ್ತಿದ್ದೇನೆ.

ನೀವು ಸಮ ಮಾಡಲಿಲ್ಲ, ಕೊಂದಿರಿ. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇಲ್ಲ. ಕಾರ್ಡು ಹರಿದಿರಲಿ, ಮಡಿಸಿರಲಿ, ಅದರ ಮೇಲೆ ಚಹಾ ಚೆಲ್ಲಿರಲಿ, ಅದಕ್ಕೂ ಒಂದು ಬೆಲೆ ಇದೆ. ಕಾರ್ಖಾನೆಯಿಂದ ವಾಲಿಕೊಂಡು ಬಂದಿದ್ದರೆ ಆ ವಾಲಿದ್ದೇ ಅದು ಅಸಲಿ ಅನ್ನುವುದಕ್ಕೆ ಸಾಕ್ಷಿ. ಅಂಚಿಗೆ ಚಾಕು ತಾಗಿಸಿದ ಕ್ಷಣ ಅದು ಕಾರ್ಡು ಅಲ್ಲ, ಬರೀ ರಟ್ಟಿನ ಚೂರು. ಯಾಕೆ ಗೊತ್ತಾ? ಮೆತ್ತಗಾದ ಮೂಲೆಯನ್ನು ಕತ್ತರಿಸಿ ಹೊಸದು ಅಂತ ಮಾರಿ ಟೋಪಿ ಹಾಕುವವರು ಇದ್ದಾರೆ. ಮೋಸಗಾರರು ಮಾಡುವ ಕೆಲಸ ಅದು. ಅದನ್ನು ನನ್ನ ಅಪ್ಪ ಮಧ್ಯಾಹ್ನ ಊಟವಾದ ಮೇಲೆ, ಹತ್ತು ಕಾರ್ಡಿಗೆ ಒಂದು ಬ್ಲೇಡು ಬದಲಾಯಿಸಿ ಮಾಡಿದ್ದಾರೆ!

ನನ್ನ ಅಂಗಡಿ ಯಾವುದರ ಮೇಲೆ ನಿಂತಿದೆ ಅಂತ ನೀವು ಒಂದು ದಿನವೂ ಕೇಳಲಿಲ್ಲ. ಹೇಳುತ್ತೇನೆ, ಕೇಳಿ. ಮೊದಲು ಬಸ್ ನಿಲ್ದಾಣದ ಪಕ್ಕ ಒಂದು ಮಡಚುವ ಮೇಜು. ಆಮೇಲೆ ಮೆಟ್ಟಿಲ ಕೆಳಗಿನ ಗೂಡು. ಈಗ ಗಾಜಿನ ಕಪಾಟು ಇರುವ ಅಂಗಡಿ. ಒಂಬತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಪ್ರತಿ ಕಾರ್ಡಿನ ಪ್ಲಾಸ್ಟಿಕ್ ಕವರಿನ ಹಿಂದೆ ಒಂದು ಚೀಟಿ ಅಂಟಿಸುತ್ತೇನೆ. ಅದರಲ್ಲಿ ಬರೆಯುವುದು ಕಾರ್ಡಿನ ಹೆಚ್ಚುಗಾರಿಕೆ ಅಲ್ಲ, ಕುಂದು. ‘ಬಲಮೂಲೆ ಮೆತ್ತಗಿದೆ.’ ‘ಹಿಂಬದಿ ಪೆನ್ಸಿಲ್ ಗೀರು.’ ಬೇರೆ ಅಂಗಡಿಯವರು ಗಿರಾಕಿ ಭೂತಗನ್ನಡಿ ತೆಗೆಯುವವರೆಗೆ ಬಾಯಿ ಬಿಡುವುದಿಲ್ಲ. ನಾನು ಮೊದಲೇ ಹೇಳುತ್ತೇನೆ. ಈ ಸಲ ಮಾತ್ರ, ನನ್ನದೇ ಕಾರ್ಡು ಅಂತ ಹಳೆಯ ಚೀಟಿಯನ್ನೇ ಅಂಟಿಸಿದೆ, ಮತ್ತೆ ನೋಡಲಿಲ್ಲ. ‘ಅವಳ ಹತ್ರ ಕಣ್ಣುಮುಚ್ಚಿ ತಗೋಬಹುದು’ ಅಂತ ಜನ ಅನ್ನುತ್ತಿದ್ದರು. ಅನ್ನುತ್ತಿದ್ದರು. ಈಗ ಏನು ಅನ್ನುತ್ತಾರೆ ಹೇಳಲಾ? ‘ಅಪ್ಪ ಕಾಗದ ಕತ್ತರಿಸ್ತಾನೆ, ಮಗಳು ಕಾರ್ಡು ಮಾರ್ತಾಳೆ. ಚೆನ್ನಾಗಿದೆ ಸಂಸಾರ.’ ನನ್ನ ಕಿವಿಯಾರೆ ಕೇಳಿದೆ.

ಸಂಘದವರು ಮಾರ್ಚ್ ಹದಿನಾಲ್ಕಕ್ಕೆ ಸಭೆ ಕರೆದಿದ್ದಾರೆ. ಭಾನುವಾರದ ಹಾಲ್‌ನಲ್ಲೂ ವರ್ಷದ ದೊಡ್ಡ ಮೇಳದಲ್ಲೂ ನನಗೆ ಮೇಜು ಕೊಡಬೇಕೋ ಬೇಡವೋ ಅಂತ ಅಲ್ಲಿ ತೀರ್ಮಾನ. ಮೇಜು ಹೋದರೆ ಅಂಗಡಿಯೂ ಹೋದ ಹಾಗೆಯೇ. ಹೊರಗಿನ ಗಿರಾಕಿಗಳು ನನ್ನನ್ನು ನೋಡುವುದೇ ಅಲ್ಲಿ.

ನೀವು ಒಂದು ಕಾಗದ ಬರೆದುಕೊಡಿ. ‘ಕತ್ತರಿಸಿದ್ದು ನಾನು. ಮಗಳಿಗೆ ತಿಳಿಸಿರಲಿಲ್ಲ. ತಪ್ಪಾಯಿತು.’ ಮೂರು ಸಾಲು, ಕೆಳಗೆ ಸಹಿ. ಬೇರೇನೂ ಬೇಡ.

ಇಂತಿ,
ಕಾರ್ಡಿನ ಅಂಗಡಿಯವಳು


ಫೆಬ್ರವರಿ 3

ಕಾರ್ಡಿನ ಅಂಗಡಿಯವರಿಗೆ,

ಎರಡು ವಾರ ಉತ್ತರ ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ಶಾಲೆಗಳ ಹಾಜರಿ ಪುಸ್ತಕದ ಕೆಲಸ ಬಂದಿತ್ತು. ಅವರು ಕತ್ತರಿಸಿದ್ದಕ್ಕೆ ಸಂತೋಷಪಟ್ಟು ತೆಗೆದುಕೊಂಡು ಹೋದರು. ಅಂಥ ಜನವೂ ಭೂಮಿ ಮೇಲೆ ಇದ್ದಾರೆ.

ನಲವತ್ತೆರಡು ವರ್ಷದಲ್ಲಿ ಈ ಕೈ ಕತ್ತರಿಸಿದ ಒಂದು ಹಾಳೆ ವಾಪಸ್ ಬಂದಿಲ್ಲ. ಕೋರ್ಟಿನ ದಫ್ತರ ಕಟ್ಟಿದ್ದೇನೆ. ಆಸ್ಪತ್ರೆಯ ರಿಜಿಸ್ಟರು ಕಟ್ಟಿದ್ದೇನೆ. ನಿನ್ನ ಫೀಸು, ನಿನ್ನ ಅಮ್ಮನ ಔಷಧಿ, ಎಲ್ಲ ಇದೇ ಚಾಕುವಿನಿಂದ ಬಂದದ್ದು. ಈಗ ಚೆಂಡು ಒದೆಯುವವರ ಚಿತ್ರ ಕೂಡಿಸುವ ದೊಡ್ಡ ಮನುಷ್ಯರ ಮುಂದೆ ‘ನನ್ನ ಚಾಕು ತಪ್ಪು ಮಾಡಿತು’ ಅಂತ ಸಹಿ ಹಾಕಬೇಕಾ? ಸಾಧ್ಯವಿಲ್ಲ.

ಜೂಲು ಅಂಚಿಗೆ ಜಾಸ್ತಿ ಬೆಲೆ, ಸಮ ಮಾಡಿದರೆ ಜೈಲು! ಯಾವ ಪುಣ್ಯಾತ್ಮ ಮಾಡಿದ ಕಾನೂನೋ.

ಅಮ್ಮ ಇದ್ದಿದ್ದರೆ ನಿನಗೂ ಬೈಯುತ್ತಿದ್ದಳು, ನನಗೂ ಬೈಯುತ್ತಿದ್ದಳು. ಈಗ ಆ ಕೆಲಸ ನಾವೇ ಮಾಡಿಕೊಳ್ಳಬೇಕಾಗಿದೆ.

ಇಂತಿ,
ರಟ್ಟು ಹಾಕುವವನು


ಫೆಬ್ರವರಿ 11

ಅಪ್ಪ,

ಬರೆಯಬೇಡಿ. ನಾನೇ ಬರೆದುಕೊಂಡೆ. ಅಂಗಡಿಯ ಬಾಗಿಲಿಗೆ ಈ ನೋಟೀಸು ಅಂಟಿಸಿದ್ದೇನೆ. ಬೇರೆಯವರ ಬಾಯಲ್ಲಿ ಕೇಳುವುದು ಬೇಡ ಅಂತ ಪೂರ್ತಿ ಇಲ್ಲಿ ಇಳಿಸಿದ್ದೇನೆ:

‘ಡಿಸೆಂಬರಿನಿಂದ ಈ ಅಂಗಡಿಯಲ್ಲಿ ಮಾರಿದ ಹಳೆಯ ಫುಟ್‌ಬಾಲ್ ಕಾರ್ಡುಗಳ ಅಂಚನ್ನು ಕತ್ತರಿಸಲಾಗಿದೆ. ಕತ್ತರಿಸಿದವರು ಬುಕ್ ಬೈಂಡರ್ ಆದ ನನ್ನ ತಂದೆ. ಮಾರುವಾಗ ನನಗೆ ಇದು ತಿಳಿದಿರಲಿಲ್ಲ. ಕಾರ್ಡಿನ ಅಂಚು ಮುಟ್ಟಬಾರದು ಎಂದು ಅವರಿಗೆ ಗೊತ್ತಿರಲಿಲ್ಲ. ಕೊಂಡವರು ದಯವಿಟ್ಟು ವಾಪಸ್ ತಂದು ಹಣ ಪಡೆಯಿರಿ.’

ಇಲ್ಲಿಗೆ ಬಂದುಹೋಗುವ ನಿಮ್ಮ ಪೇಟೆಯ ಕಾಗದದ ವ್ಯಾಪಾರಿಗಳು ನೋಡುತ್ತಾರೆ, ನಿಮ್ಮ ಹೆಸರು ಕೆಡುತ್ತದೆ ಅಂತ ಗೊತ್ತು. ನನ್ನ ಹೆಸರು ಕೆಡುವಾಗ ನೀವು ಹಾಜರಿ ಪುಸ್ತಕ ಕಟ್ಟುತ್ತಿದ್ದಿರಿ.

ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿರುತ್ತದೆ. ಮಾರಿದ ಅರವತ್ತರಲ್ಲಿ ನಲವತ್ತೇಳು ವಾಪಸ್ ಬಂದವು. ಅದು ನ್ಯಾಯ. ಆದರೆ ಐದು ವರ್ಷದ ಹಿಂದೆ ಕೊಂಡ ಕಾರ್ಡು, ನೀವು ಕಣ್ಣಿಂದಲೂ ನೋಡದ ಕಾರ್ಡು, ಅದನ್ನೂ ತಂದು ಮೇಜಿನ ಮೇಲಿಟ್ಟು ‘ಇದನ್ನೂ ಒಂದ್ಸಲ ಅಳೆದ್ಬಿಡಿ’ ಅನ್ನುತ್ತಾರೆ. ಅಳೆಯುತ್ತೇನೆ. ಸರಿ ಇರುತ್ತದೆ. ‘ತಪ್ಪು ತಿಳ್ಕೋಬೇಡಿ ಮೇಡಂ’ ಅಂತ ಹೋಗುತ್ತಾರೆ. ದಿನಕ್ಕೆ ಮೂವತ್ತು ಸಲ ಈ ಮಾತು ಕೇಳಿಸಿಕೊಂಡು ನೋಡಿ, ಆಮೇಲೆ ಯಾವ ಪುಣ್ಯಾತ್ಮ ಮಾಡಿದ ಕಾನೂನು ಅಂತ ತಮಾಷೆ ಮಾಡಿ.

ಮೇಷ್ಟ್ರು ತಮ್ಮ ಗೋಲ್‌ಕೀಪರನ ಕಾರ್ಡನ್ನು ವಾಪಸ್ ಕೊಡುವಾಗ ಒಂದು ಮಾತೂ ಬೈಯಲಿಲ್ಲ. ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹೋಗಿ, ತಿರುಗಿ ಇನ್ನೊಂದು ಸಲ ಅದನ್ನು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಗಳು


ಮಾರ್ಚ್ 1

ಮಗಳೇ,

ಬುಧವಾರ ನಿನ್ನ ಅಂಗಡಿಗೆ ಬಂದಿದ್ದೆ. ನಿನಗೆ ಗೊತ್ತಾಗಲಿಲ್ಲ.

ಜಗಳ ಆಡಬೇಕು ಅಂತಲೇ ಬಸ್ಸು ಹತ್ತಿದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ನೋಡಿದರೆ ಬಾಗಿಲಿಂದ ಹೊರಗಿನವರೆಗೆ ಸಾಲು. ನುಗ್ಗಿಕೊಂಡು ಹೋಗುವುದು ಸರಿಯಲ್ಲ ಅಂತ ನಾನೂ ನಿಂತೆ. ನನ್ನ ಮುಂದೆ ಹನ್ನೊಂದು ಜನ. ನೋಟೀಸು ನನ್ನ ಮೂಗಿನ ಎದುರಿಗೇ ಇತ್ತು, ನಾಲ್ಕು ಸಲ ಓದಿದೆ. ಮೊದಲ ಸಲ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಎರಡನೇ ಸಲಕ್ಕೆ ಆ ನಾಲ್ಕನೇ ಸಾಲು ಕಣ್ಣಿಗೆ ಚುಚ್ಚಿತು. ಮುಂದಿದ್ದ ಹೆಂಗಸು ಅದನ್ನು ಜೋರಾಗಿ ಓದಿ ಪಕ್ಕದವಳಿಗೆ ಹೇಳಿದಳು: “ಪಾಪ, ವಯಸ್ಸಾದವರು. ಅವರಿಗೇನು ಗೊತ್ತಾಗತ್ತೆ ಇದೆಲ್ಲ.”

ನನ್ನ ಸರದಿ ಬಂತು. ನೀನು ಬಗ್ಗಿಕೊಂಡು ಏನೋ ಬರೆಯುತ್ತಿದ್ದೆ. ತಲೆ ಎತ್ತದೆ “ಯಾವ ಕಾರ್ಡು?” ಅಂತ ಕೇಳಿದೆ. ನಾನು ಪಕ್ಕಕ್ಕೆ ಸರಿದು ಹೊರಟು ಬಂದೆ.

ಈಗ ಆ ನಾಲ್ಕನೇ ಸಾಲಿನ ವಿಚಾರ. ‘ಗೊತ್ತಿರಲಿಲ್ಲ’ ಅಂತ ಬರೆದಿದ್ದೀಯ. ಯಾರಿಗೆ ಗೊತ್ತಿರಲಿಲ್ಲ? ನಲವತ್ತೆರಡು ವರ್ಷ ಕಾಗದ ಮುಟ್ಟಿದವನಿಗೆ ಅಂಚು ಅಂದರೇನು ಅಂತ ಗೊತ್ತಿರಲಿಲ್ಲವಾ? ಹಳೆಯ ಪುಸ್ತಕ ರಿಪೇರಿಗೆ ಬಂದರೆ ಅಂಚಿಗೆ ಚಾಕು ತಾಗಿಸಬಾರದು, ಎಷ್ಟೇ ಜೂಲಾಗಿರಲಿ ಹಾಗೇ ಬಿಡಬೇಕು, ಕತ್ತರಿಸಿದರೆ ಅದರ ಆಯುಸ್ಸು ಕತ್ತರಿಸಿದ ಹಾಗೆ ಅಂತ ಏಳು ವರ್ಷದ ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟವನು ನಾನು. ಗೊತ್ತಿತ್ತು. ಮೊದಲ ಕಾರ್ಡು ಕೈಗೆ ತೆಗೆದುಕೊಂಡಾಗಲೇ ಗೊತ್ತಿತ್ತು.

ಮತ್ತೆ ಯಾಕೆ ಅಂತ ಕೇಳುತ್ತೀಯ. ಒಂಬತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೀಯ. ‘ಅಪ್ಪ, ಒಂದು ಆಲ್ಬಮ್ ಕಟ್ಟಿಕೊಡಿ’ ಅಂತ ಒಂದು ದಿನ ಕೇಳಿದ್ದೀಯಾ? ಕಾರ್ಖಾನೆಯ ಪ್ಲಾಸ್ಟಿಕ್ ಆಲ್ಬಮ್ ನೂರುಗಟ್ಟಲೆ ತರಿಸುತ್ತೀಯ. ನಾನು ನೆನಪಾದದ್ದು ಪೆಟ್ಟಿಗೆ ಇಡುವುದಕ್ಕೆ, ಅದೂ ನನ್ನ ಗೋಡೆ ಒಣಗಿದೆ ಅಂತ. ಮೊದಲ ಪೆಟ್ಟಿಗೆಯನ್ನು ಸಿಟ್ಟಿನಲ್ಲೇ ಕತ್ತರಿಸಿದೆ. ನನ್ನ ಅಂಗಡಿ ಬಿಟ್ಟು ಇವುಗಳ ಹಿಂದೆ ಹೋದೆಯಲ್ಲ ಅಂತ ಸಿಟ್ಟು. ಎರಡನೇ ಪೆಟ್ಟಿಗೆ ತೆರೆಯುವ ಹೊತ್ತಿಗೆ ಸಿಟ್ಟು ಇಳಿದಿತ್ತು, ಕೈ ನಿಲ್ಲಲಿಲ್ಲ. ಕೆಲಸ ಬಹಳ ಚೆನ್ನಾಗಿ ಬರುತ್ತಿತ್ತು. ನಿನ್ನ ಗಾಜಿನ ಕಪಾಟಿನಲ್ಲಿ ನನ್ನ ಕೈಯ ಕೆಲಸವೂ ಇರುತ್ತದಲ್ಲ ಅಂತ ಆಸೆ ಹುಟ್ಟಿತು. ಯಾರಿಗೂ ತಿಳಿಯದಿದ್ದರೂ ಸರಿ ಅನ್ನಿಸಿತು.

ಇದೇ ನಿನಗೆ ಬೇಕಾಗಿದ್ದ ಸಹಿ ಹಾಕಿದ ಕಾಗದ. ಏನು ಬೇಕಾದರೂ ಮಾಡಿಕೋ. ಆದರೆ ಆ ಸಾಲು ಬಾಗಿಲಿಂದ ತೆಗೆ. ಕೆಟ್ಟವನು ಅಂತ ಬರೆದರೆ ಬರೆ. ದಡ್ಡ ಅಂತ ಬರೆಯಬೇಡ.

ಅಪ್ಪ


ಮಾರ್ಚ್ 15

ಅಪ್ಪ,

ನಿನ್ನೆ ಸಭೆ ಮುಗಿಯಿತು. ಹೇಗಾಯಿತು ಅಂತ ಹೇಳುವ ಮೊದಲು ನಿಮಗೆ ಬೈಯಬೇಕು. ಎರಡು ವಾರದಿಂದ ಸಾಲುಸಾಲಾಗಿ ಕೂಡಿಸಿಟ್ಟುಕೊಂಡಿದ್ದೇನೆ.

ಗೊತ್ತಿಲ್ಲದೆ ಮಾಡಿದ್ದರೆ ನಾನು ಯಾವತ್ತಾದರೂ ಮರೆಯುತ್ತಿದ್ದೆ. ಗೊತ್ತಿದ್ದು ಮಾಡಿದಿರಿ. ಒಂದು ದಿನ ಅಲ್ಲ, ತೊಂಬತ್ತು ದಿನ. ದಿನಾ ಊಟ ಮಾಡಿ, ಕೈ ತೊಳೆದು, ಒರೆಸಿಕೊಂಡು, ಬಂದು ಕೂತು ನನ್ನದನ್ನು ಹಾಳು ಮಾಡಿದಿರಿ. ಆಸೆ ಅನ್ನುತ್ತೀರಿ. ಆಸೆ ಇದ್ದರೆ ‘ಮಗಳೇ, ನಿನ್ನ ಅಂಗಡಿ ತೋರಿಸು’ ಅಂತ ಒಂದು ಮಾತು ಸಾಕಿತ್ತು. ಆಲ್ಬಮ್ ಕಟ್ಟಿಕೊಡಿ ಅಂತ ನಾನು ಯಾಕೆ ಕೇಳಲಿಲ್ಲ ಗೊತ್ತಾ? ಮಡಚುವ ಮೇಜು ಹಾಕಿದ ವರ್ಷ ಕೇಳಲು ಬಂದಿದ್ದೆ. ನೀವು ಗಿರಾಕಿಗಳ ಮುಂದೆ “ಬಂದ್ಲು ನೋಡಿ, ಚಿತ್ರ ಮಾರೋಳು” ಅಂದಿರಿ. ಎಲ್ಲರೂ ನಕ್ಕರು. ನೀವು ಎಲ್ಲರಿಗಿಂತ ಜೋರಾಗಿ ನಕ್ಕಿರಿ. ನಾನು ಗೋಂದು ಕೇಳಲು ಬಂದೆ ಅಂತ ಸುಳ್ಳು ಹೇಳಿ, ಗೋಂದು ತೆಗೆದುಕೊಂಡು ಹೋದೆ.

ಆ ಬುಧವಾರ ನೀವು ಸಾಲಿನಲ್ಲಿ ನಿಂತಿದ್ದನ್ನು ಓದಿದ ಮೇಲಂತೂ ಮೈಯೆಲ್ಲ ಉರಿಯಿತು. ಹನ್ನೊಂದು ಜನರ ಹಿಂದೆ ನಿಂತು, ಸರದಿ ಬಂದ ಮೇಲೆ ಸುಮ್ಮನೆ ಹೋಗುತ್ತಾರಾ ಯಾರಾದರೂ? ಕಿರುಚಬೇಕಿತ್ತು. ಮೇಜು ಬಡಿಯಬೇಕಿತ್ತು. ನಾನು ತಲೆ ಎತ್ತುತ್ತಿದ್ದೆ.

ಸಭೆಯಲ್ಲಿ ಏಳು ಜನ ಕೂತಿದ್ದರು. ನಿಮ್ಮ ಕಾಗದ ನನ್ನ ಚೀಲದಲ್ಲಿತ್ತು, ಹೊರಗೆ ತೆಗೆದಿರಲಿಲ್ಲ. ವಾಪಸ್ ಬಂದ ಕಾರ್ಡುಗಳನ್ನು ನೋಡಿದರು, ನೋಟೀಸು ನೋಡಿದರು. ಎಲ್ಲರ ಮುಖವೂ ಮೆತ್ತಗಿತ್ತು. ಬಿಟ್ಟುಬಿಡಬೇಕು ಅಂತಲೇ ಬಂದಿದ್ದರು, ನನಗೆ ಗೊತ್ತಾಯಿತು. ಮೇಷ್ಟ್ರು ಬರೆದುಕೊಳ್ಳುವುದಕ್ಕೋಸ್ಕರ ಒಂದೇ ಪ್ರಶ್ನೆ ಕೇಳಿದರು.

“ನಿಮ್ಮ ತಂದೆಯವರಿಗೆ ಇದು ಗೊತ್ತಿರಲಿಲ್ಲ, ಅಲ್ವೇನಮ್ಮ?”

ತಲೆ ಆಡಿಸಿದ್ದರೆ ಸಾಕಿತ್ತು.

ನಾನು “ಗೊತ್ತಿತ್ತು ಸರ್” ಅಂದೆ. ನಿಮ್ಮ ಕಾಗದ ತೆಗೆದು ಓದಿದೆ, ಸ್ಟೂಲಿನ ಮಾತಿನಿಂದ ಕಪಾಟಿನ ಮಾತಿನವರೆಗೆ. ಓದುತ್ತಿದ್ದ ಹಾಗೆ ಮೆತ್ತಗಿದ್ದ ಮುಖಗಳು ಗಟ್ಟಿಯಾದವು. ಗೊತ್ತಿದ್ದ ಅಪ್ಪ, ಗೊತ್ತಿಲ್ಲದ ಮಗಳು. ಇದನ್ನು ಯಾರು ನಂಬುತ್ತಾರೆ? ಎರಡು ವರ್ಷ ಭಾನುವಾರದ ಹಾಲ್‌ನಲ್ಲಿ ಮೇಜಿಲ್ಲ, ಮೇಳದಲ್ಲಿ ಮೇಜಿಲ್ಲ. ಅಂಗಡಿ ಎರಡು ವರ್ಷ ತಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಗಿಲ ಮೇಲಿನ ಆ ಸಾಲನ್ನು ಇವತ್ತು ಬೆಳಿಗ್ಗೆ ಹೊಡೆದು ಹಾಕಿದೆ. ಅದನ್ನು ಬರೆಯುವಾಗಲೇ ಅದು ಸುಳ್ಳು ಅಂತ ನನಗೂ ಗೊತ್ತಿತ್ತು. ನಿಮ್ಮನ್ನು ಉಳಿಸಲು ಬರೆದೆ ಅಂದುಕೊಂಡಿದ್ದೆ. ಬಹುಶಃ ನನ್ನನ್ನು ಉಳಿಸಿಕೊಳ್ಳಲು ಬರೆದೆ.

ಸಿಟ್ಟು ಇಳಿದಿಲ್ಲ. ಈ ತಿಂಗಳು ಬರಬೇಡಿ, ಎದುರಿಗೆ ಸಿಕ್ಕರೆ ಏನು ಹೇಳುತ್ತೇನೋ ನನಗೇ ಭಯ. ಮುಂದಿನ ತಿಂಗಳು ಕಣ್ಣಿನ ಆಪರೇಷನ್‌ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಉಳಿದಿದ್ದನ್ನು ಬೈದು ಮುಗಿಸುತ್ತೇನೆ. ಅಲ್ಲಿಂದ ನೀವು ಎದ್ದು ಹೋಗುವ ಹಾಗಿಲ್ಲ.

ಸಭೆ ಮುಗಿದ ಮೇಲೆ ಮೇಷ್ಟ್ರು ಮೆಟ್ಟಿಲ ಹತ್ತಿರ ನನಗಾಗಿ ಕಾದಿದ್ದರು. ಅವರಿಗೂ ಸಿಟ್ಟು ಬಂದಿತ್ತು.

“‘ಗೊತ್ತಿರಲಿಲ್ಲ’ ಅಂದಿದ್ರೆ ಅಲ್ಲಿಗೆ ಮುಗೀತಿತ್ತಲ್ಲಮ್ಮ. ನಾವ್ಯಾರೂ ಇನ್ನೊಂದು ಪ್ರಶ್ನೆ ಕೇಳ್ತಿರಲಿಲ್ಲ. ಅಷ್ಟು ಹೇಳೋಕೆ ಏನಾಗಿತ್ತು ನಿಂಗೆ?”

“ಬೇರೆ ಏನು ಬೇಕಾದ್ರೂ ಹೇಳಬಹುದು ಸರ್” ಅಂದೆ. “ನಮ್ಮಪ್ಪನಿಗೆ ಕಾಗದದ ವಿಷಯ ಗೊತ್ತಿಲ್ಲ ಅಂತ ಹೇಗೆ ಹೇಳಲಿ?”

ಇಂತಿ,
ನಿಮ್ಮ ಮಗಳು